ಎಡಗಡೆ ಕಿಟಕಿ ಇಳಿಸಿಡಿ: ಬಳ್ಳಾರಿಯಿಂದ ಚಳಿಗಾಲದ ಮೂರು ದಿನದ ಪ್ರಾಣಿ-ಪಕ್ಷಿ ಸುತ್ತು

ನವೆಂಬರ್ ಬಂತು ಅಂದರೆ ನನ್ನನ್ನು ಕೇಳುವವರೆಲ್ಲ ಕೇಳುವುದು ಒಂದೇ. "ಪ್ರಾಣಿ ಪಕ್ಷಿ ನೋಡಬೇಕು, ಆದರೆ ಕಬಿನಿ, ದಾಂಡೇಲಿ ತನಕ ಹೋಗೋಕೆ ಆಗಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏನಿದೆ? ಬರೀ ಬಿಸಿಲು, ಬಂಡೆ ಅಲ್ವಾ?"

ಆ ಬಂಡೆಗಳಿಗಾಗಿಯೇ ಇಲ್ಲಿ ಕರಡಿ ಇದೆ. ಕುರುಚಲು ಬಯಲಿಗಾಗಿ ತೋಳ ಇದೆ, ಎರೆಹೊಲಕ್ಕಾಗಿ ಚಿಗರಿ ಇದೆ. ಚಿಗರಿ ಅಂದರೆ ಕೃಷ್ಣಮೃಗ, ನಮ್ಮ ಕಡೆ ಹಾಗೇ ಕರೆಯುವುದು. ಚಳಿಗಾಲದಲ್ಲಿ ಮಂಗೋಲಿಯಾ, ಕಜಕಸ್ತಾನದ ಕಡೆಯಿಂದ ಬಂದ ಹಕ್ಕಿಗಳು ಬೇರೆ ಇರುತ್ತವೆ. ಆದರೆ ಜೀಪಿನಲ್ಲಿ ಕೂರಿಸಿಕೊಂಡು ತೋರಿಸುವವರು ಕಡಿಮೆ. ನಿಮ್ಮ ಕಾರೇ ಸಫಾರಿ ಜೀಪು. ಅದನ್ನು ಯಾವ ದಿಕ್ಕಿಗೆ, ಯಾವ ಹೊತ್ತಿಗೆ ಓಡಿಸುತ್ತೀರಿ ಅನ್ನುವುದರ ಮೇಲೆ ಏನು ಕಾಣುತ್ತೆ ಅನ್ನುವುದು ನಿಂತಿದೆ.

1. ಸುತ್ತು ಯಾವ ಕಡೆಯಿಂದ?

ಗುಡಿಗೆ ಪ್ರದಕ್ಷಿಣೆ ಬಲಸುತ್ತು. ಈ ಪ್ರವಾಸಕ್ಕೆ ಎಡಸುತ್ತು. ಬಳ್ಳಾರಿಯಿಂದ ಉತ್ತರಕ್ಕೆ ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು. ಅಲ್ಲಿಂದ ಕೆಳಕ್ಕೆ ಮುದಗಲ್, ಕುಷ್ಟಗಿ, ಗಂಗಾವತಿ ಅಥವಾ ಹೊಸಪೇಟೆ. ಕೊನೆಗೆ ಪೂರ್ವಕ್ಕೆ ತಿರುಗಿ ಕಮಲಾಪುರ, ದರೋಜಿ, ವಾಪಸ್ ಬಳ್ಳಾರಿ.

ಕಾರಣ ಬೆಳಕು. ಸೂರ್ಯ ನಿಮ್ಮ ಬೆನ್ನ ಕಡೆ ಇದ್ದರೆ ಹಕ್ಕಿಯ ಬಣ್ಣ ಕಾಣುತ್ತೆ. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಸೂರ್ಯ ಬಲಗಡೆ ಇರುತ್ತಾನೆ, ಎಡಗಡೆ ಹೊಲ ಬೆಳಗುತ್ತೆ. ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ಬರುವಾಗಲೂ ಸೂರ್ಯ ಬಲಗಡೆಯೇ. ಕೊನೆಯ ದಿನ ಸಂಜೆ ಪೂರ್ವಕ್ಕೆ ಹೊರಟರೆ ಪೂರ್ತಿ ಬೆನ್ನ ಹಿಂದೆ. ನಾವು ಗಾಡಿ ನಿಲ್ಲಿಸುವುದೂ ರಸ್ತೆಯ ಎಡಕ್ಕೇ. ಹಾಗಾಗಿ ಮೂರು ದಿನವೂ ನೋಡುವವರು ಎಡಗಡೆ ಕಿಟಕಿಯಲ್ಲಿ ಕೂರಬೇಕು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು: ಓಡಿಸುವವರೇ ಹಕ್ಕಿಯನ್ನೂ ಹುಡುಕುವುದು. ಬೇಡವೇ ಬೇಡ. ಓಡಿಸುವವರು ರಸ್ತೆ ನೋಡಲಿ, ಎರಡು ಗಂಟೆಗೊಮ್ಮೆ ಜಾಗ ಬದಲಿಸಿಕೊಳ್ಳಿ. ಒಬ್ಬರೇ ಹೋಗುವವರಿಗೆ ಈ ಸುತ್ತು ನಾನು ಹೇಳುವುದಿಲ್ಲ.

2. ಯಾವಾಗ?

ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನ ತನಕ. ವಲಸೆ ಹಕ್ಕಿಗಳು, ಅಂದರೆ ಚಳಿಗಾಲ ಕಳೆಯಲು ದೂರದಿಂದ ಬಂದು ಮತ್ತೆ ಹೋಗುವ ಹಕ್ಕಿಗಳು, ಆಗ ನೆಲೆ ನಿಂತಿರುತ್ತವೆ. ಎರೆಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಇರುತ್ತೆ. ಗದ್ದೆ ಕಡೆ ಭತ್ತದ ಕೊಯ್ಲು ಮುಗಿದು ಕೂಳೆ ಉಳಿದಿರುತ್ತೆ. ಎಳ್ಳಮಾವಾಸ್ಯೆಯ ಆಸುಪಾಸು ಹೊರಟರೆ ಹೊಲಗಳಲ್ಲಿ ಚರಗ ಚೆಲ್ಲುವ, ಅಂದರೆ ಭೂತಾಯಿಗೆ ಎಡೆ ಚೆಲ್ಲುವ ಸಂಭ್ರಮವೂ ಸಿಗುತ್ತೆ. ಪರಿಚಯವೇ ಇಲ್ಲದವರು ಕರೆದು ಊಟಕ್ಕೆ ಕೂರಿಸಿದರೆ ಆಶ್ಚರ್ಯ ಪಡಬೇಡಿ.

ಎರಡು ಸಮಯ ಬಿಟ್ಟುಬಿಡಿ. ಡಿಸೆಂಬರಿನಲ್ಲಿ ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಹನುಮಮಾಲೆ ಹಾಕಿದವರು ಸಾವಿರಗಟ್ಟಲೆ ಬರುವ ದಿನಗಳು, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಜಾತ್ರೆ ನೋಡಬೇಕಾದ್ದೇ, ಆದರೆ ತೋಳ ಹುಡುಕುತ್ತಾ ಅಲ್ಲ. ಆಗ ಲಾಡ್ಜೂ ಸಿಗಲ್ಲ, ರಸ್ತೆಯೂ ಸಿಗಲ್ಲ.

3. ಏನೇನು ಬೇಕು?

ದುರ್ಬೀನು ಒಂದು ಇರಲೇಬೇಕು. ಅದರ ಮೇಲೆ 8x42 ಎಂದು ಬರೆದಿರುವುದನ್ನು ಆರಿಸಿಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತೆ, 42 ಅಂದರೆ ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಗಾಜು ಅಗಲವಿದ್ದಷ್ಟೂ ಮುಂಜಾನೆ, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣುತ್ತೆ. 20 ಪಟ್ಟು, 30 ಪಟ್ಟು ಎಂದು ಮಾರುವುದಕ್ಕೆ ಮರುಳಾಗಬೇಡಿ. ಕೈ ನಡುಗಿದರೆ ಹೊಲವೇ ನಡುಗುತ್ತೆ.

ಕ್ಯಾಮೆರಾ ಇದ್ದರೆ ಅದಕ್ಕೊಂದು ದಿಂಬು ಮಾಡಿಕೊಳ್ಳಿ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಎರಡು ಕೆಜಿ ಜೋಳ ತುಂಬಿ ಎರಡೂ ಕಡೆ ಹೊಲಿದರೆ ಆಯಿತು. ಕಾರಿನ ಕಿಟಕಿ ಮೇಲೆ ಅದನ್ನಿಟ್ಟು ಅದರ ಮೇಲೆ ಲೆನ್ಸ್ ಇಟ್ಟರೆ ಟ್ರೈಪಾಡ್ ಬೇಡ.

ಹಕ್ಕಿ ಗುರುತಿಸಲು ಫೋನಿಗೆ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಭಾರತದ ಹಕ್ಕಿಗಳ ಕಂತೆಯನ್ನು ಮನೆಯ ವೈಫೈನಲ್ಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತೆ. ಆದರೆ ಅದರಲ್ಲಿ ಹಕ್ಕಿಯ ದನಿ ಜೋರಾಗಿ ಹಾಕಿ ಹಕ್ಕಿಯನ್ನು ಕರೆಸಬೇಡಿ. ತನ್ನ ಜಾಗಕ್ಕೆ ಬೇರೆ ಹಕ್ಕಿ ಬಂತು ಅಂತ ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತೆ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನಸುಕಿನಲ್ಲಿ ಸ್ವೆಟರ್ ಬೇಕು, ಮಧ್ಯಾಹ್ನ 30 ಡಿಗ್ರಿ ಬಿಸಿಲಿಗೆ ಟೋಪಿ ಬೇಕು. ಕಣಕಾಲು ಮುಚ್ಚುವ ಬೂಟು ಹಾಕಿ. ಕೊಳಕುಮಂಡಲ ಹಾವು ಚಳಿಗಾಲದಲ್ಲೂ ಚುರುಕಾಗಿಯೇ ಇರುತ್ತೆ, ಕೂಳೆಯಲ್ಲಿ ಬಿದ್ದಿದ್ದರೆ ಕಾಣುವುದೇ ಇಲ್ಲ. ಕಚ್ಚಿದರೆ ಕೊಯ್ಯುವುದು, ಕಟ್ಟುವುದು ಏನೂ ಬೇಡ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಓಡಿ.

4. ಕಾರನ್ನೇ ಮರೆ ಮಾಡಿಕೊಳ್ಳುವುದು

ಇದೊಂದು ಕಲಿತರೆ ಅರ್ಧ ಕೆಲಸ ಆದಂತೆ. ಮರೆ ಅಂದರೆ ಪ್ರಾಣಿಗೆ ಗೊತ್ತಾಗದಂತೆ ನಾವು ಕೂತು ನೋಡುವ ಜಾಗ. ಚಿಗರಿ, ನೀಲಕಂಠ, ಗಿಡುಗ ಇವಕ್ಕೆಲ್ಲ ಟ್ರ್ಯಾಕ್ಟರ್, ಕಾರು, ಬೈಕ್ ದಿನಾ ನೋಡಿ ಅಭ್ಯಾಸ. ಅವು ಹೆದರುವುದು ಎರಡು ಕಾಲಿನ ಮೇಲೆ ಇಳಿದು ಬರುವ ನಮಗೆ. ಬಾಗಿಲು ತೆಗೆದ ಸದ್ದಿಗೇ ಅರ್ಧ ಹಿಂಡು ಓಡಿರುತ್ತೆ.

ಹಾಗಾಗಿ ಹೀಗೆ ಮಾಡಿ. ವೇಗ 40 ದಾಟದಿರಲಿ. ಏನಾದರೂ ಕಂಡರೆ ಗಕ್ಕನೆ ಬ್ರೇಕ್ ಹಾಕಬೇಡಿ, ಮೊದಲು ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆ ನೋಡಿ. ನಿಧಾನ ಮಾಡುತ್ತಾ ಅದನ್ನು ಸ್ವಲ್ಪ ದಾಟಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ಎಂಜಿನ್ ಆರಿಸಿ. ಹಾಡು ಆರಿಸಿ. ಸುಮ್ನೆ ಹತ್ತು ನಿಮಿಷ ಕೂರಿ. ಮೊದಲ ಮೂರು ನಿಮಿಷ ಏನೂ ಇರಲ್ಲ. ಐದನೇ ನಿಮಿಷಕ್ಕೆ ಬೇಲಿಯೊಳಗಿಂದ ಗೌಜಲು ಹೊರಗೆ ಬರುತ್ತೆ, ತಂತಿ ಮೇಲಿನ ಕಾಜಾಣ ಮತ್ತೆ ಹುಳು ಹಿಡಿಯಲು ಶುರು ಮಾಡುತ್ತೆ. ನಾಲ್ಕು ಜನ ಇದ್ದರೆ ಮಾತಾಡದೆ ಹತ್ತು ನಿಮಿಷ ಕೂರುವುದೇ ಕಷ್ಟ ಅನ್ನುವುದೂ ಅಲ್ಲೇ ಗೊತ್ತಾಗುತ್ತೆ.

ನಾಲ್ಕು ಪಥದ ಹೆದ್ದಾರಿಯಲ್ಲಿ ಮಾತ್ರ ನಿಲ್ಲಿಸಲೇಬೇಡಿ. ಕುಷ್ಟಗಿಯಿಂದ ಹೊಸಪೇಟೆಗೆ ಬರುವ ಹೆದ್ದಾರಿ 50 ಅಂಥದ್ದು. ಏನು ಕಂಡರೂ ಮುಂದಿನ ಊರಿನ ಅಡ್ಡರಸ್ತೆಗೆ ಇಳಿದೇ ನಿಲ್ಲಿ.

5. ಮೊದಲ ದಿನ: ಗದ್ದೆ, ಎರೆ, ಬಂಡೆ

ಸೂರ್ಯ ಹುಟ್ಟುವುದು ಆರೂವರೆ ದಾಟಿ. ಆಗ ನೀವು ಬಳ್ಳಾರಿ ಬಿಟ್ಟು ಸಿರುಗುಪ್ಪ ರಸ್ತೆಯಲ್ಲಿರಬೇಕು. ಕಾಲುವೆ ಪಕ್ಕ ಮಂಜು ಇದ್ದರೆ ಕಾಯಿರಿ, ಅವಸರ ಮಾಡಬೇಡಿ.

ಮೊದಲು ಗದ್ದೆಗಳು. ಎಲ್ಲಿ ಟ್ರ್ಯಾಕ್ಟರ್ ಉಳುತ್ತಿದೆಯೋ ಅಲ್ಲಿ ನಿಲ್ಲಿ. ಮಗುಚಿದ ಮಣ್ಣಿನ ಹುಳುವಿಗೆ ಬೆಳ್ಳಕ್ಕಿ, ಕೆಂಬರಲು, ಬಾಲ ಕುಣಿಸುವ ಸಿಪಿಲೆಗಳು ಹಿಂದೆ ಬಿದ್ದಿರುತ್ತವೆ. ನೂರು ಬೆಳ್ಳಕ್ಕಿಯ ನಡುವೆ ಬೇರೆ ಏನೋ ಒಂದು ಇದ್ದೇ ಇರುತ್ತೆ, ಒಂದೊಂದಾಗಿ ನೋಡಿ.

ಕಪ್ಪು ಎರೆಭೂಮಿ ಶುರುವಾದ ಕಡೆ ಕಣ್ಣು ನೆಲದಿಂದ ಎರಡು ಆಳು ಎತ್ತರದಲ್ಲಿರಲಿ. ಅಲ್ಲಿ ಹಾರುವುದು ಸೆಳೆವ. ಇದು ಮಧ್ಯ ಏಷ್ಯಾದಿಂದ ಬರುವ ಬೇಟೆಹಕ್ಕಿ. ನಮ್ಮ ಊರ ಹದ್ದು ಮೇಲೆ ಗಿರಕಿ ಹೊಡೆಯುತ್ತೆ, ಸೆಳೆವ ಹಾಗಲ್ಲ. ಜೋಳದ ತೆನೆ ತಾಕುವಷ್ಟು ಕೆಳಗೆ, ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿ ತೇಲುತ್ತಾ ಹೊಲವನ್ನು ಸಾಲುಸಾಲಾಗಿ ಜಾಲಾಡುತ್ತೆ. ಗಂಡು ಬೂದುಬಿಳಿ, ಹೆಣ್ಣು ಕಂದು. ಹೆಣ್ಣಿನ ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಮಿಡತೆ, ಇಲಿ ಇದರ ಊಟ, ಅಂದರೆ ರೈತನ ಪರ. ರಾತ್ರಿ ಮರದ ಮೇಲಲ್ಲ, ಹುಲ್ಲಿನಲ್ಲಿ ನೆಲದ ಮೇಲೆ ಗುಂಪಾಗಿ ಮಲಗುತ್ತೆ. ಸಂಜೆ ಅವು ಇಳಿಯುವ ಹುಲ್ಲುಗಾವಲು ಸಿಕ್ಕರೆ ಒಳಗೆ ಕಾಲಿಡಬೇಡಿ.

ಜೋಳದ ಮೇಲೆ ಮೋಡದ ಹಾಗೆ ಇಳಿಯುವುದು ಗುಲಾಬಿ ಕಬ್ಬಕ್ಕಿ. ಇದೂ ಅದೇ ಕಡೆಯದು. ತನ್ನೂರಲ್ಲಿ ಮಿಡತೆ ತಿನ್ನುತ್ತೆ, ಇಲ್ಲಿ ಹಾಲುಗಾಳನ್ನೂ ತಿನ್ನುತ್ತೆ. ಹೊಲದವರು ಅಟ್ಟಣೆ ಏರಿ ಕವಣೆ ಬೀಸುತ್ತಿರುವಾಗ "ಎಷ್ಟು ಚಂದ" ಎಂದು ಕೂಗಬೇಡಿ. ಚಿಗರಿ ವಿಷಯದಲ್ಲೂ ಹಾಗೇ. ನಿಮಗೆ ಅದು ಫೋಟೋ, ಅವರಿಗೆ ಅದು ಕಡಲೆ ತಿಂದುಹೋದ ಲೆಕ್ಕ.

ಇನ್ನು ಎಲ್ಲರೂ ಪಿಸುಮಾತಿನಲ್ಲಿ ಕೇಳುವ ಹಕ್ಕಿ: ಎರ್ಲಡ್ಡು, ಎರೆಭೂತ ಅಂತಲೂ ಕರೆಯುತ್ತಾರೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಒಂದು ಮೀಟರ್ ಎತ್ತರದ, ನಡೆದಾಡುವ ದೊಡ್ಡ ಹಕ್ಕಿ. ದೇಶದಲ್ಲೇ 150ರ ಆಸುಪಾಸು ಉಳಿದಿವೆ, ಅವುಗಳಲ್ಲಿ ಬೆರಳೆಣಿಕೆಯಷ್ಟು ಸಿರುಗುಪ್ಪ ಕಡೆಯ ಎರೆಯಲ್ಲಿ ಕಾಣಿಸಿಕೊಂಡಿವೆ. ನೆಲ ನೋಡುತ್ತಾ ಹಾರುವ ಇದಕ್ಕೆ ನೇರ ಎದುರಿನದು ಸರಿಯಾಗಿ ಕಾಣಿಸುವುದಿಲ್ಲ. ಮೈಭಾರ ಬೇರೆ. ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಇದರ ದೊಡ್ಡ ಗಂಡಾಂತರ. ಇದನ್ನು ಹುಡುಕಿಕೊಂಡು ಹೋಗಬೇಡಿ, ದಾರಿ ಕೇಳಬೇಡಿ. ಅದೃಷ್ಟಕ್ಕೆ ಕಂಡರೆ ಕಾರಿನಿಂದ ಇಳಿಯದೆ ನೋಡಿ ಹೊರಡಿ. ಫೋಟೋ ಹಾಕಿದರೂ ಜಾಗದ ಹೆಸರು ಹಾಕಬೇಡಿ.

ಸಿರುಗುಪ್ಪ ಆದ ಮೇಲೆ ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಇಲ್ಲಿಂದ ಕೃಷ್ಣೆಯ ತನಕ ಎರಡು ನದಿಗಳ ನಡುವಿನ ನೆಲ, ಹಳಬರ ಎಡೆದೊರೆ ನಾಡು. ಹತ್ತೂವರೆಗೆಲ್ಲ ಬಿಸಿಲೇರಿ ಪ್ರಾಣಿಗಳು ನೆರಳು ಸೇರುತ್ತವೆ. ನೀವೂ ಸಿಂಧನೂರಿನಲ್ಲಿ ಒಗ್ಗರಣೆ-ಮಿರ್ಚಿ ತಿಂದು ಮಸ್ಕಿಗೆ ಹೋಗಿ. 1915ರಲ್ಲಿ ಇಲ್ಲಿ ಸಿಕ್ಕ ಬಂಡೆಶಾಸನದಲ್ಲೇ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಕಂಡದ್ದು. ಅಲ್ಲಿಯ ಬಂಡೆಗಳ ಸಂದಿಯಲ್ಲಿ ಕೊಂಬಿನ ಗೂಬೆಗೆ ಹುಡುಕಿ. ಬಂಡೆಯ ಕೆಳಗೆ ಬಿಳಿ ಹಿಕ್ಕೆಯ ಗೆರೆ ಇದ್ದರೆ ಅದರ ಮೇಲಿನ ಸಂದಿ ನೋಡಿ. ರಾತ್ರಿ ಲಿಂಗಸುಗೂರು.

6. ಎರಡನೇ ದಿನ: ಬೆಳಿಗ್ಗೆ ನದಿ, ಮಧ್ಯಾಹ್ನದ ಮೇಲೆ ಬಯಲು

ಬೆಳಿಗ್ಗೆಯೇ ದಕ್ಷಿಣಕ್ಕೆ ಹೊರಟರೆ ಬೆಳಕು ಎಡಗಡೆಯಿಂದ ಕಣ್ಣಿಗೇ ಹೊಡೆಯುತ್ತೆ. ಅದಕ್ಕೇ ಅರ್ಧ ದಿನ ಕೃಷ್ಣೆಗೆ ಕೊಡಿ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ನದಿ ಒಡೆದು ಸುತ್ತುವರಿದ ನಡುಗಡ್ಡೆಯ ಕೋಟೆ. ಮೇಲೆ ನಿಂತು ನೋಡಿದರೆ ಬಂಡೆಗಳ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ, ನೀರಿಗೆ ಧುಮುಕುವ ರೀವ ಹಕ್ಕಿ ಎಲ್ಲ ಕಾಣುತ್ತವೆ.

ನೀರಿಗೆ ಮಾತ್ರ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆ ಇವೆ. ಬಿಸಿಲಿಗೆ ಮರಳ ಮೇಲೆ ಬಾಯಿ ತೆರೆದು ಮಲಗಿದ್ದು ಕಂಡರೆ ಸಂತೋಷ, ಆದರೆ ಕಾಣದೆ ಇರುವುದೇ ಜಾಸ್ತಿ. ಮೇಲ್ಗಡೆ ನಾರಾಯಣಪುರ ಅಣೆಕಟ್ಟು ಬೇರೆ ಇದೆ, ನೀರು ಬಿಟ್ಟರೆ ಒಣ ಬಂಡೆ ನೋಡುನೋಡುತ್ತ ಮುಳುಗುತ್ತೆ.

ಊಟ ಮುಗಿಸಿ ಮುದಗಲ್ ಕೋಟೆ ಮೇಲಿಂದ ನೋಡಿ ಎರಡೂವರೆಗೆ ಕುಷ್ಟಗಿ ಕಡೆ ಹೊರಡಿ. ಇಲ್ಲಿಂದ ತೋಳದ ಸೀಮೆ. ಹುಲಿಗೆ ಕಾಡು ಬೇಕು, ತೋಳಕ್ಕೆ ಬಯಲು ಬೇಕು. ಕುರಿಹಿಂಡು ಎಲ್ಲಿದೆಯೋ ಅದರ ಸುತ್ತಮುತ್ತ ತೋಳ ಇರುತ್ತೆ. ನಕ್ಷೆಗಿಂತ ಕುರಿಗಾರರನ್ನು ನಂಬಿ. ಆದರೆ ಗಾಡಿ ನಿಲ್ಲಿಸಿದ ಕೂಡಲೇ "ತೋಳ ಎಲ್ಲಿದೆ" ಅನ್ನಬೇಡಿ. ಮೊದಲು ಕುರಿ ಬಗ್ಗೆ, ಮಳೆ ಬಗ್ಗೆ ಮಾತಾಡಿ. ಆಮೇಲೆ "ಯಜಮಾನ್ರ, ಈ ಕಡೆ ತ್ವಾಳ ಬರ್ತಾವೇನ್ರಿ?" ಎಂದು ಕೇಳಿದರೆ ನಿನ್ನೆ ರಾತ್ರಿ ಯಾವ ಹಳ್ಳದಿಂದ ಬಂತು ಅನ್ನುವ ತನಕ ಹೇಳುತ್ತಾರೆ.

ದೂರದಿಂದ ತೋಳವನ್ನು ನಾಯಿ ಅಂದುಕೊಂಡು ಬಿಟ್ಟವರೇ ಹೆಚ್ಚು. ತೋಳದ ಕಾಲು ಉದ್ದ, ಎದೆ ಕಿರಿದು, ಬಾಲ ಯಾವಾಗಲೂ ಕೆಳಕ್ಕೆ. ನಾಯಿ ಅಲ್ಲಿ ಇಲ್ಲಿ ಮೂಸುತ್ತಾ ಸುತ್ತುತ್ತೆ. ತೋಳ ಹಗ್ಗ ಹಿಡಿದ ಹಾಗೆ ನೇರ ಗೆರೆಯಲ್ಲಿ ಕುಕ್ಕುಲೋಟ ಓಡುತ್ತೆ, ನಡುವೆ ಒಮ್ಮೆ ನಿಂತು ತಿರುಗಿ ನೋಡುತ್ತೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಜಾಗವನ್ನು ಸರ್ಕಾರ ತೋಳಧಾಮ ಮಾಡಿದೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಮರಿ ಹಾಕುವುದೂ ಚಳಿಗಾಲದ ಸುತ್ತಮುತ್ತಲೇ, ಹಾಗಾಗಿ ಬಿಲ ಕಂಡರೆ ಹತ್ತಿರ ಹೋಗಲೇಬೇಡಿ. ಒಮ್ಮೆ ಕಾಟ ಆದರೆ ತಾಯಿ ಮರಿಗಳನ್ನು ಬೇರೆ ಕಡೆ ಹೊತ್ತೊಯ್ಯುತ್ತೆ.

ಈ ಬಯಲಿನ ಎರಡು ಅಪಾಯ ಹೇಳಿಬಿಡುತ್ತೇನೆ. ಒಂದು, ಹೊಲದ ಬೇಲಿ ತಂತಿ ಮುಟ್ಟಬೇಡಿ. ಹಂದಿ ಕಾಟಕ್ಕೆ ಕೆಲವರು ಕಳ್ಳತನದಲ್ಲಿ ಕರೆಂಟ್ ಕೊಟ್ಟಿರುತ್ತಾರೆ. ಎರಡು, ರಸ್ತೆ ಮೇಲಿನ ರಾಶಿ. ಭತ್ತ, ಜೋಳ, ಮೆಕ್ಕೆಜೋಳ ಏನಿದ್ದರೂ ಅರ್ಧ ರಸ್ತೆಗೆ ಹರವಿ, ಸುತ್ತ ಕಲ್ಲಿಟ್ಟಿರುತ್ತಾರೆ. ಕತ್ತಲಾದ ಮೇಲೂ ಕಲ್ಲು ಅಲ್ಲೇ ಇರುತ್ತೆ. ಎರಡು ವರ್ಷದ ಹಿಂದೆ ಅಂಥ ಒಂದು ಕಲ್ಲಿಗೆ ನನ್ನ ಟೈರು ಹೋಯಿತು. ಹಿಂದೆ ದೀಪವೇ ಇಲ್ಲದ ಹತ್ತಿ ಟ್ರ್ಯಾಕ್ಟರುಗಳೂ ಅಷ್ಟೇ. ಡಿಸೆಂಬರಿನಲ್ಲಿ ಸೂರ್ಯ ಆರರೊಳಗೇ ಮುಳುಗುತ್ತಾನೆ. ಆರೂವರೆಗೆ ಗಂಗಾವತಿ ಅಥವಾ ಹೊಸಪೇಟೆ ಸೇರಿರಿ.

ಒಂದು ದಿನ ಜಾಸ್ತಿ ಇದ್ದವರು ಇಲ್ಲಿಂದ ಎರಡು ಕೆರೆಗಳಲ್ಲಿ ಒಂದನ್ನು ಸೇರಿಸಿಕೊಳ್ಳಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಹಿಮಾಲಯ ದಾಟಿ ಬರುವ ಬಾತು. ಕೊರಳಲ್ಲಿ ಬಣ್ಣದ ಪಟ್ಟಿ ಇದ್ದರೆ ಅದರ ಮೇಲಿನ ಅಕ್ಷರ ಬರೆದುಕೊಳ್ಳಿ. ಅದು ಎಲ್ಲಿಂದ ಬಂತು ಎಂದು ತಿಳಿಯಲು ಸಂಶೋಧಕರು ಕಟ್ಟಿದ ಪಟ್ಟಿ. ಇನ್ನೊಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ನೀರಲ್ಲಿ ನಿಂತ ಜಾಲಿಮರಗಳ ತುಂಬ ಗೂಡು. ಎರಡೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿವೆ, ಅಂದರೆ ಜಗತ್ತಿನ ಮುಖ್ಯ ಜೌಗು ತಾಣಗಳ ಪಟ್ಟಿ.

7. ಮೂರನೇ ದಿನ: ನೀರುನಾಯಿ ಮತ್ತು ಕರಡಿ

ಬೆಳಕು ಹರಿಯುವ ಹೊತ್ತಿಗೆ ಆನೆಗೊಂದಿ ಕಡೆ ತುಂಗಭದ್ರೆಯ ದಡದಲ್ಲಿರಿ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ನೀರುನಾಯಿ ಕಾಣುವ ಮೊದಲು ಅದರ ಗುರುತು ಕಾಣುತ್ತೆ: ಬಂಡೆಯ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ, ಮೀನುವಾಸನೆಯ ಹಿಕ್ಕೆ. ಅಂಥ ಬಂಡೆ ಸಿಕ್ಕರೆ ದೂರ ಹೋಗಿ ಕೂತು ಕಾಯಿರಿ. ಇವು ಕುಟುಂಬವಾಗಿ ಬರುತ್ತವೆ, ಸಿಳ್ಳೆ ಹಾಕಿಕೊಳ್ಳುತ್ತಾ ಬರುತ್ತವೆ. ಹರಿಗೋಲಿನಲ್ಲಿ ಅಟ್ಟಿಸಿಕೊಂಡು ಹೋದರೆ ಆ ದಿನ ಮುಗಿಯಿತು.

ಈ ಗುಡ್ಡಗಳಲ್ಲಿ ಚಿರತೆ ಇದೆ, ಜನರ ಮೇಲೆ ಬಿದ್ದದ್ದೂ ಇದೆ. ಸೂರ್ಯೋದಯ, ಸೂರ್ಯಾಸ್ತದ ಫೋಟೋ ಎಂದು ಕತ್ತಲಲ್ಲಿ ಒಬ್ಬೊಬ್ಬರೇ ಬಂಡೆ ಏರಬೇಡಿ. ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ.

ಬಿಸಿಲೇರಿದ ಮೇಲೆ ಕಡೆಬಾಗಿಲು–ಬುಕ್ಕಸಾಗರ ಸೇತುವೆ ದಾಟಿ ಕಮಲಾಪುರಕ್ಕೆ ಬಂದು ಊಟ ಮಾಡಿ. ದಾರಿಯ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರಕ್ಕೆ ಕಿವಿ ಕೊಡಿ. ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಎರಡು ಗಂಟೆಯೊಳಗೆ ದರೋಜಿ ಕರಡಿಧಾಮದ ಗೇಟಿನಲ್ಲಿರಬೇಕು. 1994ರಲ್ಲಿ ಆದ ಧಾಮ ಇದು. ಇಲ್ಲಿ ನೋಡಲು ಬಿಡುವುದು ಮಧ್ಯಾಹ್ನದ ಮೇಲೆ ಮಾತ್ರ, ಬೆಳಿಗ್ಗೆ ಹೋಗಿ ಬೈದುಕೊಂಡು ವಾಪಸ್ ಬಂದವರು ಬಹಳ. ಸಿಬ್ಬಂದಿ ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ನೀವು ಎದುರಿನ ವೀಕ್ಷಣಾ ಗೋಪುರದಲ್ಲಿ ಕೂರುವುದು. ಮೊದಲು ನವಿಲು, ಮುಂಗುಸಿ, ಹಂದಿ ಬರುತ್ತವೆ. ಕರಡಿ ಬಿಸಿಲು ತಗ್ಗಿದ ಮೇಲೆ ಗವಿಯಿಂದ ಇಳಿಯುತ್ತೆ. ತಾಯಿಯ ಬೆನ್ನ ಮೇಲೆ ಮರಿ ಕೂತಿರುವುದೂ ಉಂಟು. ಬಂಡೆ ದೂರ ಇದೆ, ಇಲ್ಲಿ ದುರ್ಬೀನು ಇಲ್ಲದಿದ್ದರೆ ಕಾಣುವುದು ಕಪ್ಪು ಚುಕ್ಕೆ ಅಷ್ಟೇ.

ಕರಡಿಗೆ ಕಣ್ಣು ಮಂದ, ಮೂಗು ಬಹಳ ಚುರುಕು. ಸೆಂಟು, ಬೀಡಿ, ಚಿಪ್ಸ್ ಎಲ್ಲ ಕಾರಿನಲ್ಲೇ ಇರಲಿ. ಬೆಲ್ಲ ಬಳಿದು ಕರೆಸುವುದು ಸರಿಯೋ ಅಲ್ಲವೋ ಅನ್ನುವ ತಕರಾರು ನನಗೂ ಇದೆ. ಆದರೂ ಕಾಡಿನ ಕರಡಿಯನ್ನು ಬೇಲಿ ಇಲ್ಲದೆ, ಹಗಲಲ್ಲೇ, ಯಾರಿಗೂ ಅಪಾಯವಿಲ್ಲದೆ ತೋರಿಸುವ ಇಂಥ ಜಾಗ ಸುಲಭಕ್ಕೆ ಸಿಗಲ್ಲ.

ಗೋಪುರ ಇಳಿದ ಮೇಲೆ ಬಳ್ಳಾರಿ ಒಂದೂವರೆ ಗಂಟೆಯೊಳಗಿನ ದಾರಿ. ಅದಿರು ಲಾರಿಗಳ ಹಿಂದೆ ತಾಳ್ಮೆಯಿಂದ ಬನ್ನಿ. ಕತ್ತಲಲ್ಲಿ ರಸ್ತೆಗೆ ಅಡ್ಡ ಬರುವ ಮೊಲ, ನರಿಗಳಿಗೆ ದೀಪ ಡಿಮ್ ಮಾಡಿ, ಹೈಬೀಮ್ ಬಿದ್ದರೆ ಅವು ಅಲ್ಲೇ ನಿಂತುಬಿಡುತ್ತವೆ.

8. ಮನೆಗೆ ಬಂದ ಮೇಲೆ

ಕಂಡದ್ದನ್ನು ಅಂದೇ ಬರೆದಿಡಿ: ದಿನ, ಹೊತ್ತು, ಊರು, ಎಷ್ಟಿದ್ದವು. ಹಕ್ಕಿ ನೋಡಿದವರು ಲೆಕ್ಕ ಬರೆದಿಡುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕಿದರೆ ಅದು ಸಂಶೋಧನೆಗೂ ಸಿಗುತ್ತೆ. ರಸ್ತೆಯಲ್ಲಿ ಗಾಡಿಗೆ ಸಿಕ್ಕು ಸತ್ತ ಪ್ರಾಣಿ ಕಂಡಿದ್ದರೆ ಅದನ್ನೂ ಜಾಗದ ಸಮೇತ ಬರೆಯಿರಿ. ಒಂದೇ ಜಾಗದಲ್ಲಿ ಎರಡು ಮೂರು ಕಂಡರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ತೋಳದ ಬಿಲ, ಎರ್ಲಡ್ಡು, ಗೂಬೆ ಗೂಡು ಇವುಗಳ ಫೋಟೋದಿಂದ ಲೊಕೇಶನ್ ತೆಗೆದೇ ಬೇರೆಯವರಿಗೆ ಕಳಿಸಿ.

ಮತ್ತೆ ಆ ಪ್ಯಾಂಟಿನ ಕಾಲಿನ ಜೋಳವನ್ನು ಬಿಚ್ಚಿ ಡಬ್ಬಿಗೆ ಹಾಕಿ. ಕಾರಿನಲ್ಲೇ ಬಿಟ್ಟರೆ ಮುಂದಿನ ಚಳಿಗಾಲಕ್ಕೆ ಬರೀ ಹುಳು ಉಳಿದಿರುತ್ತೆ.